ಆಗುಂಬೆಯಲ್ಲಿ ಸೀಟು ಬದಲಾಯಿಸುವ ಕ್ರಮ

ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು. ಶಿವಮೊಗ್ಗದಿಂದ ಉಡುಪಿಗೆ ಹೊರಟರೆ ಆಗುಂಬೆಯವರೆಗೆ ಅಮ್ಮ ಕಾರು ಓಡಿಸುತ್ತಿದ್ದಳು. ಪೇಟೆ ದಾಟಿ, ಘಾಟಿ ಶುರುವಾಗುವುದಕ್ಕೆ ಮುಂಚೆ, ಎಡಗಡೆ ಒಂದಿಷ್ಟು ಜಾಗ ಸಿಗುವಲ್ಲಿ ನಿಲ್ಲಿಸುತ್ತಿದ್ದಳು. ಅಪ್ಪ ಇಳಿದು ಕಾರಿನ ಮುಂದಿನಿಂದ ಸುತ್ತಿ ಬರುತ್ತಿದ್ದ, ಅಮ್ಮ ಹಿಂದಿನಿಂದ ಸುತ್ತಿ ಹೋಗುತ್ತಿದ್ದಳು. ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಅಲ್ಲಿಂದ ಉಡುಪಿಯವರೆಗೆ ಅಪ್ಪನದೇ ಕಾರು. ಬರುವಾಗಲೂ ಅಷ್ಟೇ, ಘಾಟಿ ಹತ್ತಿ ಮುಗಿದಲ್ಲಿ ನಿಂತು ಸೀಟು ಬದಲಾಯಿಸಿ ಮುಂದಕ್ಕೆ ಹೊರಡುವುದು. ಹಿಂದೆ ಕಾಲು ಚಾಚಿ ಮಲಗಿರುತ್ತಿದ್ದ ನನಗೆ ಅದು ಮಳೆ ಬಂದರೆ ಕೊಡೆ ಬಿಚ್ಚುವಷ್ಟೇ ಸಹಜವಾಗಿತ್ತು. ಸಪಾಟು ರಸ್ತೆ ಅಮ್ಮನದು, ಘಾಟಿ ಅಪ್ಪನದು. ಯಾಕೆ ಎಂದು ಕೇಳಬೇಕು ಅಂತ ಇಷ್ಟು ವರ್ಷದಲ್ಲಿ ಒಮ್ಮೆಯೂ ಅನ್ನಿಸಲಿಲ್ಲ.

ಅಪ್ಪ ತೀರಿಕೊಂಡು ಐದು ವರ್ಷ ಆಯಿತು. ಅವನು ಹೋದ ಮೇಲೆ ಕೆಲವು ತಿಂಗಳು ಅವನ ಕಾರು ಶೆಡ್ಡಿನಲ್ಲೇ ನಿಂತಿತ್ತು. ಬ್ಯಾಟರಿ ಸತ್ತಿತು, ಬಾನೆಟ್ಟಿನ ಮೇಲೆ ಬೆಕ್ಕು ಮರಿ ಹಾಕಿತು. ಬೆಕ್ಕು ಮರಿಗಳನ್ನು ಕರೆದುಕೊಂಡು ಹೋದ ವಾರವೇ ಅಮ್ಮ ಕಾರು ಮಾರಿಬಿಟ್ಟಳು. ಆಮೇಲೆ ಬಸ್ಸು, ಆಟೋ, ಊರಿಗೆ ಹೋದಾಗ ನನ್ನ ಕಾರು. ಅವಳು ಮತ್ತೆ ಕಾರು ತೆಗೆದುಕೊಳ್ಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ರಾತ್ರಿ ಫೋನ್ ಮಾಡಿ, "ನವರಾತ್ರಿಯಿಂದ ಸಣ್ಣ ಕಾರಿನ ಜಿಎಸ್‌ಟಿ ಇಳೀತದಂತೆ. ನಾಲ್ಕು ಮೀಟರು, ಸಾವಿರದ ಇನ್ನೂರು ಸಿಸಿ ಒಳಗಿರ್ಬೇಕು. ನಾನೊಂದು ನೋಡಿಟ್ಟಿದೀನಿ, ಬಾ" ಎಂದಳು. ಆ ತಿಂಗಳ 22ನೇ ತಾರೀಕಿನಿಂದ ಅಂಥ ಪೆಟ್ರೋಲ್ ಕಾರುಗಳ ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿಯುವುದಿತ್ತು, ಮೇಲಿನ ಸೆಸ್ಸೂ ಹೋಗುವುದಿತ್ತು. ಅಮ್ಮ ಹೈಸ್ಕೂಲಿನಲ್ಲಿ ಗಣಿತ, ಭೌತಶಾಸ್ತ್ರ ಪಾಠ ಮಾಡಿ 2021ರಲ್ಲಿ ನಿವೃತ್ತಳಾದವಳು. ಅಂಕಿಗಳು ಅವಳ ಬಾಯಲ್ಲಿ ಯಾವತ್ತೂ ತಪ್ಪಿದ್ದಿಲ್ಲ.

ಆಗ ಅವಳಿಗೆ 64. ಕಾರು ಕಲಿತದ್ದು 1996ರಲ್ಲಿ, ತೀರ್ಥಹಳ್ಳಿಯಲ್ಲಿ, ನಿವೃತ್ತ ಬಸ್ ಡ್ರೈವರೊಬ್ಬರ ಹತ್ತಿರ. 1998ರಲ್ಲಿ ಸೆಕೆಂಡ್ ಹ್ಯಾಂಡ್ ಮಾರುತಿ 800 ಬಂತು. ಹನ್ನೆರಡು ವರ್ಷ ಅದನ್ನು ಓಡಿಸಿಕೊಂಡು ಶಾಲೆಗೆ ಹೋದಳು. ಮಳೆಗಾಲದ ಕೆಸರಿನಲ್ಲಿ, ಅಡಿಕೆ ತೋಟದ ನಡುವಿನ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ಉತ್ತರಪತ್ರಿಕೆಗಳ ಕಟ್ಟು ಹೇರಿಕೊಂಡು. ಐವತ್ತು ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ವೈದ್ಯರ ಸರ್ಟಿಫಿಕೇಟು ಮಾಡಿಸಿ ಲೈಸೆನ್ಸ್ ನವೀಕರಿಸಿಕೊಂಡೇ ಬಂದಿದ್ದಳು, ಮನೆಯಲ್ಲಿ ಕಾರೇ ಇಲ್ಲದ ವರ್ಷದಲ್ಲೂ. ಆಗ ನಾನು ಅದನ್ನು ಶಿಸ್ತು ಎಂದುಕೊಂಡಿದ್ದೆ. ಶಾಲೆಯವರು ಎಲ್ಲ ಕಾಗದವನ್ನೂ ಹೊತ್ತಿಗೆ ಸರಿಯಾಗಿ ಮಾಡಿಸಿಡುತ್ತಾರಲ್ಲ, ಹಾಗೆ.

ನಾನು ಬೆಂಗಳೂರಿನಿಂದ ಹೋಗುವಾಗ ಒಂದು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಆಟೋಮ್ಯಾಟಿಕ್ ಆಗಿರಬೇಕು. ಸೀಟು ಎತ್ತರದಲ್ಲಿರಬೇಕು, ಹತ್ತಿ ಇಳಿಯಲು ಸಲೀಸು. ಸಸ್ಪೆನ್ಷನ್ ಮೆತ್ತಗಿರಬೇಕು. ಮೊದಲು ಹೊಕ್ಕ ಶೋರೂಮಿನ ಹುಡುಗನೂ ಇದನ್ನೇ ಹೇಳಿದ. ಹೇಳಿದ್ದು ಅಮ್ಮನಿಗಲ್ಲ, ನನಗೆ. ಚೆಕ್ಕು ಬರೆಯುವವಳು ಪಕ್ಕದಲ್ಲೇ ಕೂತಿದ್ದರೂ ಅವನು "ಆಂಟಿಗೆ ಇದು ಈಸಿ ಆಗುತ್ತೆ ಸಾರ್" ಎಂದು ನನ್ನ ಮುಖ ನೋಡಿ ವಿವರಿಸಿದ. ಅಮ್ಮ ಅವರು ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, "ಬಾ ಹೋಗೋಣ" ಎಂದು ಎದ್ದಳು. ದಾರಿಯಲ್ಲಿ ನನ್ನ ಪಟ್ಟಿಯನ್ನು ಎತ್ತಿದ್ದಕ್ಕೆ ಅವಳು ಹೇಳಿದ ಮಾತು ಇದು: "ನೀನು ಹೇಳ್ತಿರೋದೆಲ್ಲ ನನ್ನ ಮಂಡಿಗೆ ಸರಿಹೋಗೋ ಕಾರು. ಮಂಡಿ ನಂದೇ, ಹೌದು. ಆದ್ರೆ ನಾನು ಬರೀ ಮಂಡಿ ಅಲ್ವಲ್ಲ ಮಾರಾಯ."

ಅವಳು ನೋಡಿಟ್ಟಿದ್ದು ಹ್ಯುಂಡೈ ಐ20 ಎನ್ ಲೈನ್. ಅದೂ ಆರು ಗೇರಿನ ಮ್ಯಾನುಯಲ್. ನೀಲಿ ಬಣ್ಣ, ಒಳಗೆ ಕರಿ ಸೀಟಿಗೆ ಕೆಂಪು ಹೊಲಿಗೆ, ಮುಂದಿನ ಗಾಲಿಯ ಸಂದಿಯಲ್ಲಿ ಕಾಣುವ ಕೆಂಪು ಬ್ರೇಕ್ ಕ್ಯಾಲಿಪರ್, ಹಿಂದೆ ಎರಡು ಬಾಯಿಯ ಸೈಲೆನ್ಸರ್. ಇಪ್ಪತ್ತೈದರ ಹುಡುಗರು ಮೋಹಿಸುವ ಕಾರು. ನನ್ನ ಎದೆ ಒಂದು ಸಲ ಝಲ್ಲೆಂದಿತು. ಅದರಲ್ಲೇ ಆಟೋಮ್ಯಾಟಿಕ್ ಸಿಗುತ್ತದೆ ಎಂದೆ. ಬೇಡ ಎಂದಳು. ಮಾಮೂಲಿ ಐ20ಯಲ್ಲಿ 1.2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಇದೆ, ನಯವಾಗಿ ಓಡುತ್ತದೆ ಎಂದೆ. ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಟೆಸ್ಟ್ ಡ್ರೈವಿಗೆ ಕೂತು, ಬಟನ್ ಒತ್ತಿ ಸ್ಟಾರ್ಟ್ ಮಾಡಿ, ಗೇರು ಹಾಕದೆ ಹಾಗೇ ಕೂತಳು. ಅರ್ಧ ನಿಮಿಷ ಆಗಿರಬೇಕು. ಸ್ಟೀರಿಂಗಿನ ಮೇಲೆ ಅಂಗೈ ಇಟ್ಟುಕೊಂಡು, ಮಗುವಿನ ಎದೆಯ ಮೇಲೆ ಕೈಯಿಟ್ಟು ಜ್ವರ ನೋಡುವಂತೆ. ಆಮೇಲೆ ಹಿಂದೆ ಕೂತಿದ್ದ ಶೋರೂಮಿನ ಹುಡುಗನನ್ನು ಕೇಳಿದಳು: "ಇದು ಮೂರು ಸಿಲಿಂಡರ್ ಅಲ್ವೇನಪ್ಪಾ?"

ಮೂರೇ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಂತಲ್ಲಿ ಸದ್ದಿಲ್ಲದೆ ಇರುತ್ತದೆ. ಮೂರರದ್ದಕ್ಕೆ ಒಂದು ಸಣ್ಣ ನಡುಕ, ಒಂದು ಸೊಟ್ಟ ತಾಳ ಇರುತ್ತದೆ. ಮಾರುತಿ 800ರದ್ದೂ ಮೂರು ಸಿಲಿಂಡರೇ. 796 ಸಿಸಿ, ಸುಮಾರು 37 ಅಶ್ವಶಕ್ತಿ, ನಾಲ್ಕು ಗೇರು, 12 ಇಂಚಿನ ಗಾಲಿ. ಇದು 998 ಸಿಸಿ, 120 ಅಶ್ವಶಕ್ತಿ. ಎಂಜಿನ್ನಿನ ಗಾತ್ರ ಇನ್ನೂರು ಸಿಸಿ ಹೆಚ್ಚು, ಶಕ್ತಿ ಮೂರು ಪಟ್ಟಿಗೂ ಮಿಕ್ಕಿ. ಆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಅಮ್ಮ ಆ ರಾತ್ರಿ ಊಟದ ತಟ್ಟೆಯ ಪಕ್ಕದಲ್ಲಿ ಬೆರಳಿನಿಂದ ನೀರಿನಲ್ಲಿ ಚಿತ್ರ ಬರೆದು ನನಗೆ ತೋರಿಸಿದಳು. ಸೈಲೆನ್ಸರಿನ ಕಡೆ ಹೊರಟ ಬಿಸಿ ಅನಿಲ ಸುಮ್ಮನೆ ಹೋಗುವುದಿಲ್ಲ, ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನು ತಿರುಗಿಸಿ ಹೋಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೆಚ್ಚು ಗಾಳಿ, ಅದಕ್ಕೆ ತಕ್ಕಷ್ಟು ಪೆಟ್ರೋಲು, ಹೆಚ್ಚು ಶಕ್ತಿ. "ಬಿಟ್ಟ ಉಸಿರೇ ಮುಂದಿನ ಉಸಿರನ್ನ ಒಳಗೆ ತಳ್ಳತ್ತೆ" ಎಂದಳು. ನಾನು ಇಂಜಿನಿಯರಿಂಗ್ ಓದಿದವನು. ಟರ್ಬೋ ಎಂಬುದನ್ನು ಯಾರೂ ನನಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ದೀಪಾವಳಿಗೆ ಮುಂಚಿನ ವಾರ ಕಾರು ಮನೆಗೆ ಬಂತು. ಗಾಲಿಗಳಡಿ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದು ಪೂಜೆಯಾಯಿತು. ಆ ಮೊದಲ ತಿಂಗಳ ವರದಿಯನ್ನು ನಾನು ಫೋನಿನಲ್ಲೇ ಕೇಳಿಸಿಕೊಂಡೆ. ಎಲ್ಲವೂ ಹಿತವಾಗಿರಲಿಲ್ಲ, ಅವಳು ಮುಚ್ಚಿಡಲೂ ಇಲ್ಲ. ಸೀಟು ತಗ್ಗು. ಇಳಿಯುವಾಗ ಮೊದಲು ಎರಡೂ ಕಾಲು ಹೊರಗಿಟ್ಟು, ಬಾಗಿಲ ಚೌಕಟ್ಟು ಹಿಡಿದು ಏಳುವುದನ್ನು ರೂಢಿ ಮಾಡಿಕೊಂಡಳು. ಗಟ್ಟಿ ಸಸ್ಪೆನ್ಷನ್ನು ನಮ್ಮ ಬಡಾವಣೆಯ ಪ್ರತಿ ಗುಂಡಿಯನ್ನೂ ಸೊಂಟಕ್ಕೆ ತಿಳಿಸುತ್ತಿತ್ತು. ಮನೆಯಿಂದ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಎಷ್ಟು ಹಂಪುಗಳಿವೆ, ಅವುಗಳಲ್ಲಿ ಬಿಳಿ ಪಟ್ಟೆ ಬಳಿದಿರುವುದು ಎಷ್ಟಕ್ಕೆ ಎಂದು ಲೆಕ್ಕ ಹಾಕಿದಳು: ಹನ್ನೊಂದರಲ್ಲಿ ಮೂರಕ್ಕೆ. ಹೊಸ ಎಂಜಿನ್ನಾದ್ದರಿಂದ ಮೊದಲ 1,000 ಕಿ.ಮೀ. 4,000 ಆರ್‌ಪಿಎಂ ದಾಟಿಸಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು ಎಂದು ಕೈಪಿಡಿಯಲ್ಲಿತ್ತು. ಅದನ್ನು ಪರೀಕ್ಷೆಯ ಸೂಚನೆಯಂತೆ ಪಾಲಿಸಿದಳು. ಒಂದು ನೂರು ಪುಟದ ನೋಟ್‌ಬುಕ್ಕಿಗೆ ರೂಲು ಹಾಕಿ ತಾರೀಕು, ಕಿಲೋಮೀಟರು, ಪೆಟ್ರೋಲು, ಟೈರಿನ ಗಾಳಿ ಎಂದು ಕಾಲಂ ಮಾಡಿಕೊಂಡಳು. ಟ್ಯಾಂಕು ತುಂಬಿಸಿದಲ್ಲಿಂದ ತುಂಬಿಸಿದಲ್ಲಿಗೆ ಮೈಲೇಜು ತೆಗೆಯುತ್ತಿದ್ದಳು. ಊರೊಳಗೆ 12 ಸಿಗುತ್ತಿತ್ತು. ಅಪ್ಪ ಇದ್ದಿದ್ದರೆ ಆ ಅಂಕಿಗೆ ನೊಂದುಕೊಳ್ಳುತ್ತಿದ್ದ.

ಪಕ್ಕದ ಮನೆಯವರು, ನೆಂಟರು, ಅವಳ ಹಳೆಯ ಸಹೋದ್ಯೋಗಿಗಳು ಎಲ್ಲರೂ "ಮಗನ ಕಾರಾ?" ಎಂದೇ ಕೇಳಿದರಂತೆ. ಪೆಟ್ರೋಲ್ ಬಂಕಿನಲ್ಲೂ. ಈ ಪ್ರಶ್ನೆ ಅವಳಿಗೆ ನೋವು ಮಾಡಿತೋ ಇಲ್ಲವೋ ಹೇಳಲಿಲ್ಲ. ನನಗೆ ಮಾಡಿತು. ಮೂವತ್ತೆರಡು ವರ್ಷ ದುಡಿದವಳು ತನ್ನ ಇಷ್ಟದ ಒಂದು ವಸ್ತುವನ್ನು ತನಗಾಗಿ ಕೊಂಡರೆ ಅದಕ್ಕೆ ಬೇರೆ ಒಡೆಯನನ್ನು ಹುಡುಕುವುದು ಎಷ್ಟು ಸುಲಭವಾಗಿ ಬರುತ್ತದೆ ನಮಗೆ! ಅಪ್ಪನ ಕಾರನ್ನು 'ಅಪ್ಪನ ಕಾರು' ಎಂದೇ ಕರೆದ ನನಗೆ, ಆ ಮಾರುತಿ 800 ಅಮ್ಮನ ಸಂಬಳದಲ್ಲಿ ಬಂದದ್ದು ಎಂಬುದು ನೆನಪಾದದ್ದೂ ಈಗಲೇ.

ನವೆಂಬರ್ ಮಧ್ಯದಲ್ಲಿ ಉಡುಪಿಯ ದೊಡ್ಡಮ್ಮನನ್ನು ನೋಡಿಬರೋಣ ಎಂದಳು. ಹೊರಟಾಗ ಓಡೋಮೀಟರಿನಲ್ಲಿ 818. ಬೆಳಗ್ಗೆ ಆರೂವರೆ. ಗಾಜನೂರಿನ ಅಣೆಕಟ್ಟಿನ ಹತ್ತಿರ ತುಂಗೆಯ ಮೇಲೆ ಮಂಜು ಹಾಸಿಕೊಂಡಿತ್ತು. ಸಕ್ರೆಬೈಲಿನಲ್ಲಿ ಆನೆಗಳನ್ನು ಹೊಳೆಗೆ ಇಳಿಸುವ ಹೊತ್ತು. ಅಲ್ಲಿಂದ ಮುಂದೆ ರಸ್ತೆ ಹೊಳೆಯ ಪಕ್ಕ ಬಿಡದೆ ಬಳುಕುತ್ತ ಹೋಗುತ್ತದೆ. ಅಮ್ಮ ಕಾರು ಓಡಿಸುವುದನ್ನು ನಾನು ಮುಂದಿನ ಸೀಟಿನಲ್ಲಿ ಕೂತು ನೋಡಿದ್ದೇ ಕಡಿಮೆ. ಮೊದಲು ಅಲ್ಲಿ ಅಪ್ಪ ಇರುತ್ತಿದ್ದ, ಆಮೇಲೆ ಓಡಿಸುವವನು ನಾನೇ ಆದೆ. ಈಗ ನೋಡಿದೆ. ತಿರುವು ಬರುವ ಮೊದಲೇ ಗೇರು ಇಳಿಸುತ್ತಾಳೆ, ತಿರುವಿನ ಒಳಗೆ ಬ್ರೇಕ್ ಮುಟ್ಟುವುದಿಲ್ಲ, ಹೊರಬರುವಾಗ ಆಕ್ಸಿಲರೇಟರ್ ಮೇಲೆ ಕಾಲು ಮೆಲ್ಲಗೆ ಭಾರ ಹಾಕುತ್ತದೆ. ಎಡಗೈ ಗೇರಿನ ಗುಂಡಿನ ಮೇಲೆ ಹೋಗುವುದೂ ಬರುವುದೂ ಗೊತ್ತೇ ಆಗುವುದಿಲ್ಲ. ಎರಡು ವರ್ಷದ ಹಿಂದೆ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ಮಂಜಿನೊಳಗಿನ ಸೈಕಲ್ಲನ್ನು ನನಗಿಂತ ಮೊದಲು ಅವಳೇ ಕಂಡಳು. ಪೇಟೆಯ ಗುಂಡಿಗಳಲ್ಲಿ ಒರಟಾಗಿದ್ದ ಗಟ್ಟಿ ಸಸ್ಪೆನ್ಷನ್ನು ಇಲ್ಲಿ ಬೇರೆಯದೇ ಆಯಿತು. ಕಾರು ವಾಲುವುದಿಲ್ಲ, ಹೇಳಿದಲ್ಲಿಗೆ ತಿರುಗಿ ಹೇಳಿದಲ್ಲಿ ನೆಟ್ಟಗಾಗುತ್ತದೆ. ನನ್ನ ದೊಡ್ಡ, ಮೆತ್ತಗಿನ ಕಾರಿನಲ್ಲಿ ಇದೇ ರಸ್ತೆಯಲ್ಲಿ ಅಮ್ಮ ಬಾಗಿಲ ಮೇಲಿನ ಹಿಡಿ ಬಿಡದೆ ಕೂತಿರುತ್ತಿದ್ದಳು.

ಮಂಡಗದ್ದೆಯಲ್ಲಿ ನಿಲ್ಲಿಸಿ ಹೊಳೆಯ ನಡುಗಡ್ಡೆಯ ಮರಗಳನ್ನು ನೋಡಿದೆವು. ಮಳೆಗಾಲದ ಹಕ್ಕಿಗಳು ಮರಿ ಮಾಡಿಕೊಂಡು ಹೋಗಿಯಾಗಿತ್ತು. ಬಿಳಿ ಹಿಕ್ಕೆ ಬಳಿದ ಕೊಂಬೆಗಳು ಮಾತ್ರ ಉಳಿದಿದ್ದವು. ತೀರ್ಥಹಳ್ಳಿಯಲ್ಲಿ ಕಡುಬು, ಕಾಯಿಚಟ್ನಿ. ಅಲ್ಲಿಂದ ಮಲ್ಪೆಯವರೆಗೆ ರಾಷ್ಟ್ರೀಯ ಹೆದ್ದಾರಿ 169ಎ. ಹೆಸರಿಗೆ ಹೆದ್ದಾರಿ, ಮೇಗರವಳ್ಳಿ ದಾಟಿದ ಮೇಲೆ ಎರಡೂ ಕಡೆಯಿಂದ ಕಾಡು ಬಾಗಿ ರಸ್ತೆಯನ್ನು ಓಣಿ ಮಾಡಿಬಿಡುತ್ತದೆ. ಅಮ್ಮ ಕಿಟಕಿ ಇಳಿಸಿದಳು. ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಸುತ್ತಿನ ಈ ಕಾಡು ಮಳೆ ನಿಂತು ತಿಂಗಳಾದರೂ ಒಣಗಿರುವುದಿಲ್ಲ. ಒದ್ದೆ ಎಲೆ, ಪಾಚಿ, ಎಲ್ಲೋ ಅಡಿಕೆ ಬೇಯಿಸುವ ಹೊಗೆ, ಮೂರರ ವಾಸನೆಯೂ ಒಟ್ಟಿಗೆ ಒಳಗೆ ಬಂತು.

ಆಗುಂಬೆ ಪೇಟೆ, ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ದೊಡ್ಡಮನೆಯ ಬೀದಿ, ಎಲ್ಲ ದಾಟಿ ಅಮ್ಮ ಎಡಕ್ಕೆ ಕಾರು ನಿಲ್ಲಿಸಿದಳು. ಅದೇ ಜಾಗ. ನನ್ನ ಕೈ ತಾನಾಗಿ ಸೀಟ್ ಬೆಲ್ಟ್ ಬಿಚ್ಚಿತು, ಬಾಗಿಲ ಹಿಡಿಗೆ ಹೋಯಿತು. ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಅಪ್ಪ ಇಳಿಯುತ್ತಿದ್ದ ಬಾಗಿಲು ಅದು, ಈಗ ಅಲ್ಲಿ ನಾನಿದ್ದೆ. ಅಷ್ಟೇ.

"ಎಲ್ಲಿಗೆ?" ಎಂದಳು ಅಮ್ಮ.

"ಘಾಟಿ ಬಂತಲ್ಲ..."

ಅವಳು ನೀರು ಕುಡಿದಳು. ಗ್ಲೋವ್ ಬಾಕ್ಸ್ ತೆಗೆದು ಒಂದು ನಿಂಬೆಹಣ್ಣು ಹೊರತೆಗೆದಳು. ಉಗುರಿನಿಂದ ಅದರ ಸಿಪ್ಪೆ ಕೆರೆದು ನನ್ನ ಕೈಗೆ ಕೊಟ್ಟಳು. "ಬೆಲ್ಟ್ ಹಾಕ್ಕೊಂಡು ಕೂತ್ಕೋ ಮಗಾ. ಇದನ್ನ ಇಟ್ಕೋ. ನಿಂಗೂ ನಿನ್ನಪ್ಪನ ಹಾಗೇ ಆಗಬಹುದು."

ನಮ್ಮ ಎಲ್ಲ ಕಾರುಗಳ ಗ್ಲೋವ್ ಬಾಕ್ಸಿನಲ್ಲೂ ನಿಂಬೆಹಣ್ಣು ಇರುತ್ತಿತ್ತು. ನಾನು ಅದನ್ನು ದೃಷ್ಟಿಗೆ ಇಟ್ಟಿದ್ದು ಎಂದುಕೊಂಡಿದ್ದೆ.

ಅಪ್ಪನಿಗೆ ಘಾಟಿಯಲ್ಲಿ ತಲೆ ಸುತ್ತುತ್ತಿತ್ತು. ಪಕ್ಕದ ಸೀಟಿನಲ್ಲಿ ಕೂತರೆ ನಾಲ್ಕನೇ ತಿರುವಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಮಿನಿ ಬಸ್ಸಿನಲ್ಲಿ ತವರಿಗೆ ಹೋಗುವಾಗಲೂ ಹಾಗೇ ಆಗಿ, ಬಸ್ಸು ನಿಲ್ಲಿಸಬೇಕಾಗಿ ಬಂದು, ಅವನು ಆ ನಾಚಿಕೆಯನ್ನು ಮರೆಯಲೇ ಇಲ್ಲವಂತೆ. ಸ್ಟೀರಿಂಗ್ ಹಿಡಿದು ಕೂತರೆ ಏನೂ ಆಗುತ್ತಿರಲಿಲ್ಲ. ಓಡಿಸುವವನ ಮೈಗೆ ಮುಂದಿನ ತಿರುವು ಮೊದಲೇ ಗೊತ್ತಿರುತ್ತದೆ. ಕಣ್ಣು ಹೇಳುವುದಕ್ಕೂ ಒಳಗಿವಿ ಹೇಳುವುದಕ್ಕೂ ತಾಳ ತಪ್ಪುವುದಿಲ್ಲ. ಪಕ್ಕದಲ್ಲಿ ಕೂತವನಿಗೆ ತಪ್ಪುತ್ತದೆ. ಇದನ್ನು 1998ರಲ್ಲೇ ಕಂಡುಕೊಂಡ ಅಮ್ಮ ಆಗುಂಬೆಯಲ್ಲಿ ಕಾರು ನಿಲ್ಲಿಸಿ, "ಘಾಟಿ ನಂಗೆ ಕಷ್ಟ, ನೀವೇ ಓಡಿಸಿ" ಎಂದಿದ್ದಳು. ಒಂದೇ ಸಲ ಹೇಳಿದ್ದು. ಆಮೇಲೆ ಹೇಳುವ ಅಗತ್ಯ ಬೀಳಲಿಲ್ಲ.

"ನಿಂಗೆ ಹೆದರಿಕೆ ಇರ್ಲಿಲ್ವಾ ಹಾಗಾದ್ರೆ?"

"ಘಾಟಿದಾ? ಕಲಿತಿದ್ದೇ ಇಲ್ಲಿ. ನಮ್ಮ ಗುರುಗಳು ಆಗುಂಬೆ ಇಳಿಸಿ ಹತ್ತಿಸದೆ ಯಾರನ್ನೂ ಲೈಸೆನ್ಸಿಗೆ ಕಳಿಸ್ತಿರ್ಲಿಲ್ಲ."

ಅವಳು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ರಸ್ತೆಗಿಳಿದಳು. ನಾನು ಏನೂ ಮಾತಾಡಲಿಲ್ಲ. ಇಪ್ಪತ್ತು ವರ್ಷ ಒಬ್ಬ ಮನುಷ್ಯನ ಮುಜುಗರವನ್ನು ತನ್ನ ಅಳುಕು ಎಂದು ಹೇಳಿಕೊಂಡು ಹೊತ್ತವಳು, ಹಿಂದೆ ಮಲಗಿದ್ದ ಮಗ ಅದನ್ನೇ ನಂಬಿ ಬೆಳೆದರೂ ತಿದ್ದದೆ ಬಿಟ್ಟವಳು, ಪಕ್ಕದಲ್ಲಿ ಎರಡನೇ ಗೇರು ಹಾಕುತ್ತಿದ್ದಳು. ಅಪ್ಪನಿಗೆ ಗೊತ್ತಿತ್ತೇ? ಗೊತ್ತಿದ್ದಿರಬೇಕು. ಕಾರಿನ ಮುಂದಿನಿಂದ ಸುತ್ತಿ ಬರುವಾಗ ಅವನು ಯಾವಾಗಲೂ ನೆಲ ನೋಡುತ್ತಿದ್ದ.

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಕೆಲವು ಎಷ್ಟು ಕಿರಿದೆಂದರೆ ಇಲ್ಲಿ ದೊಡ್ಡ ಬಸ್ಸು ಬರುವುದಿಲ್ಲ, ಮಿನಿ ಬಸ್ಸುಗಳೇ ಓಡಾಡುತ್ತವೆ. 'ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿ' ಎಂಬುದು ಹಳೆಯ ಡ್ರೈವರುಗಳ ಪಾಠ. ಬ್ರೇಕನ್ನೇ ಒತ್ತಿಕೊಂಡು ಇಳಿದರೆ ಅದು ಕಾದು ಕೊನೆಯ ತಿರುವಿನ ಹೊತ್ತಿಗೆ ಹಿಡಿತ ಬಿಡುತ್ತದೆ. ಎಂಜಿನ್ನೇ ಕಾರನ್ನು ಹಿಡಿದಿಟ್ಟುಕೊಳ್ಳಬೇಕು. ಆದರೆ ಈ ಕಾರಿನ ಎಂಜಿನ್ನು ಚಿಕ್ಕದು. ಟರ್ಬೋ ಕೊಡುವ ಶಕ್ತಿ ಓಡಿಸುವಾಗಿನದು, ತಡೆಯುವಾಗ ಅದರ ನೆರವಿಲ್ಲ, ಒಂದು ಲೀಟರು ಒಂದು ಲೀಟರೇ. ಎರಡನೇ ತಿರುವಿನಲ್ಲೇ ಅಮ್ಮ ಇದನ್ನು ಗಮನಿಸಿ, "ಹಿಡಿತ ಸಾಲ್ದು" ಎಂದು ಕಡಿದಾದ ಕಡೆ ಒಂದನೇ ಗೇರಿಗೆ ಇಳಿದಳು. ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕಿದ್ದರೂ ಪ್ರತಿ ತಿರುವಿನ ಮೊದಲು ಒಂದು ಸಲ ಗಟ್ಟಿಯಾಗಿ ಒತ್ತಿ ಬಿಟ್ಟುಬಿಡುತ್ತಿದ್ದಳು. ಸವರುತ್ತ ಕೂರಲಿಲ್ಲ. ಹತ್ತಿ ಬರುವ ಗಾಡಿಗೆ ಮೊದಲ ಹಕ್ಕು. ಅದಕ್ಕೆ ಎರಡು ಕಡೆ ತಿರುವಿನ ಮೇಲೆಯೇ ನಿಂತು ದಾರಿ ಬಿಟ್ಟಳು. ಕಾರಿನ ಹೆಸರಿನಲ್ಲಿರುವ ಎನ್ ಎಂಬ ಅಕ್ಷರ ಕೊರಿಯಾದ ನಮ್ಯಾಂಗ್ ಎಂಬಲ್ಲಿನ ಸಂಶೋಧನಾ ಕೇಂದ್ರದಿಂದಲೂ, ಜರ್ಮನಿಯ ಐಫೆಲ್ ಬೆಟ್ಟಗಳ ನ್ಯೂರ್ಬರ್ಗ್‌ರಿಂಗ್ ರೇಸ್ ಹಾದಿಯಿಂದಲೂ ಬಂದದ್ದು, ಆ ಹಾದಿ ಇಪ್ಪತ್ತು ಕಿ.ಮೀ.ಗೂ ಉದ್ದ, ಬರೀ ತಿರುವುಗಳದ್ದು ಎಂದು ನಾನು ಆರನೇ ತಿರುವಿನ ಹತ್ತಿರ ಹೇಳಿದೆ. ಮಾತಾಡುತ್ತಿದ್ದರೆ ಹೊಟ್ಟೆಯ ಕಡೆ ಗಮನ ಹೋಗುವುದಿಲ್ಲವೆಂದು. ಒಂಬತ್ತನೆಯದರಲ್ಲಿ ನಿಂಬೆಹಣ್ಣನ್ನು ಮೂಗಿಗೆ ಹಿಡಿದೆ. ಅಮ್ಮ ನೋಡಿದಳು, ಏನೂ ಹೇಳದೆ ವೇಗವನ್ನು ಇನ್ನೊಂದಿಷ್ಟು ಇಳಿಸಿದಳು. ಹೀಗೆಯೇ ಅಪ್ಪನನ್ನೂ ನೋಡಿರುತ್ತಾಳೆ, ಆ ಮೊದಲ ಸಲ.

ಸೋಮೇಶ್ವರದಲ್ಲಿ ಚಹಾ. ಸೆಕೆ ಮೈಗೆ ಹತ್ತಿತು. ಕರಾವಳಿ ಬಂತೆಂದು ಗೊತ್ತಾಗುವುದು ಹಾಗೆ. ಸೀತಾನದಿ, ಹೆಬ್ರಿ, ಪೆರ್ಡೂರು, ಹಿರಿಯಡ್ಕ, ಮಣಿಪಾಲ. ದೊಡ್ಡಮ್ಮನ ಮನೆ ಮುಟ್ಟುವಾಗ ಹನ್ನೊಂದೂವರೆ.

ದೊಡ್ಡಮ್ಮನಿಗೆ 71. ಅಂಗಳದಲ್ಲಿ ನಿಂತ ನೀಲಿ ಕಾರಿಗೆ ಒಂದು ಸುತ್ತು ಬಂದು, "ಎಂಥ ಇದು, ಇಷ್ಟು ಕೆಳಗೆ ಉಂಟಲ್ಲ ಮಾರಾಯ್ತಿ! ಘಾಟಿಯಲ್ಲಿ ಬಿಟ್ಟದ್ದು ಯಾರು, ಇವನಾ?" ಎಂದಳು.

"ನಾನೇ ಅಕ್ಕ."

ದೊಡ್ಡಮ್ಮ ತಂಗಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಹ್ಞಾಂ, ನೀನು ಬಿಡ್ತಿ. ಸೈಕಲ್ ಸಹ ಅಣ್ಣನಿಗಿಂತ ಮೊದಲು ನೀನೇ ಕಲಿತದ್ದು" ಎಂದಳು. ಅಮ್ಮನಿಗೆ ಸೈಕಲ್ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಊಟವಾದ ಮೇಲೆ ಅಕ್ಕತಂಗಿಯರು ಮುಂದೆ ಕೂತರು, ನಾನು ಹಿಂದೆ. ಮಲ್ಪೆಯ ತೀರದಲ್ಲಿ ಕಾರು ನಿಲ್ಲಿಸಿ, ಇಳಿಯುವುದು ತ್ರಾಸವೆಂದು ಗಾಜು ಇಳಿಸಿ ಇಬ್ಬರೂ ಅಲ್ಲಿಂದಲೇ ಸಮುದ್ರ ನೋಡುತ್ತ ಕೂತರು. ತಂದೆಯ ಮನೆ, ಸತ್ತವರು, ಯಾವುದೋ ಹಲಸಿನ ಮರ, ಮಾತು ಎಲ್ಲೆಲ್ಲಿಗೋ ಹೋಯಿತು. ನಾನು ಸೀಟಿಗೆ ಒರಗಿ ಕಣ್ಣು ಮುಚ್ಚಿದೆ. ಚಿಕ್ಕಂದಿನ ನನ್ನ ಜಾಗ ಅದು. ಆದರೆ ಈಗ ಮುಂದಿನ ಸೀಟಿನ ಮಾತುಗಳು ಕೇಳಿಸುತ್ತಿದ್ದವು.

ಮರುದಿನ ಮಧ್ಯಾಹ್ನ ಹೊರಟೆವು. ಓಡೋಮೀಟರಿನಲ್ಲಿ 972. ಅಮ್ಮ ಅದನ್ನು ನೋಡಿ ಒಳಗೊಳಗೇ ಲೆಕ್ಕ ಹಾಕಿದ್ದು ನನಗೆ ಕಂಡಿತು. ಪೆರ್ಡೂರು ದಾಟಿದ ಮೇಲೆ 999 ಹೋಗಿ 1,000 ಬಂತು. ಮುಂದೆ ಕೆಂಪು ಕಲ್ಲು ಹೇರಿದ ಲಾರಿಯೊಂದು ಏದುಸಿರು ಬಿಡುತ್ತ ಹೋಗುತ್ತಿತ್ತು. ಬಹಳ ಹೊತ್ತಿನಿಂದ ಅದರ ಹಿಂದೆಯೇ ಇದ್ದೆವು. ರಸ್ತೆ ನೆಟ್ಟಗಾಯಿತು, ಎದುರು ದೂರದವರೆಗೆ ಖಾಲಿ. ಅಮ್ಮ ನಾಲ್ಕರಿಂದ ಮೂರನೇ ಗೇರಿಗೆ ಇಳಿಸಿ, ಇಂಡಿಕೇಟರ್ ಹಾಕಿ, ಕಾಲನ್ನು ಪೂರ್ತಿ ಒತ್ತಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬೆನ್ನನ್ನು ಸೀಟಿಗೆ ಅದುಮಿದಂತೆ ಕಾರು ಮುಂದಕ್ಕೆ ನೆಗೆಯಿತು. ಮುಳ್ಳು 4,000 ದಾಟಿತು, 5,000 ಮುಟ್ಟಿತು. ಮೂರು ಸಿಲಿಂಡರಿನ ಸೊಟ್ಟ ತಾಳ ಕೂಡಿಕೊಂಡು ಒಂದೇ ಸ್ವರವಾಯಿತು. ಎಂಬತ್ತಕ್ಕೆ ಮುಟ್ಟುವಷ್ಟರಲ್ಲಿ ಲಾರಿ ಹಿಂದಾಗಿತ್ತು. ಎಡಕ್ಕೆ ಬಂದು, ನಾಲ್ಕು, ಐದು ಹಾಕಿ, ಅರುವತ್ತಕ್ಕೆ ಇಳಿಸಿ ಮತ್ತೆ ಮೊದಲಿನಂತೆ ಓಡಿಸತೊಡಗಿದಳು. ಒಟ್ಟು ಏಳೆಂಟು ಸೆಕೆಂಡಿನ ಕೆಲಸ. ಅವಳು ನಗುತ್ತಿದ್ದಳು. ನನ್ನ ಕಡೆ ನೋಡಿ ನಕ್ಕದ್ದಲ್ಲ, ಹಲ್ಲು ಕಾಣುವಂತೆ, ರಸ್ತೆಯನ್ನೇ ನೋಡುತ್ತ, ಒಬ್ಬಳೇ ಇದ್ದಾಗ ನಗುವಂತೆ. ಅಮ್ಮನ ಆ ನಗೆಯನ್ನು ನಾನು ಕಂಡದ್ದು ಅದೇ ಮೊದಲು.

ಹೆಬ್ರಿಯಲ್ಲಿ ಬನ್ಸ್ ತಿಂದು, ಕಾಡಿನ ದಾರಿಯಲ್ಲಿ ನಿಧಾನವಾಗಿ ಬಂದು ಘಾಟಿ ಹತ್ತಲು ಶುರು ಮಾಡಿದಾಗ ನಾಲ್ಕೂವರೆ. ಇಳಿಯುವುದಕ್ಕಿಂತ ಹತ್ತುವುದು ಈ ಕಾರಿಗೆ ಬೇರೆ ಪಾಠ. 1,500 ಆರ್‌ಪಿಎಂ ಕೆಳಗೆ ಟರ್ಬೋ ಎಚ್ಚರವಾಗುವುದಿಲ್ಲ. ಮೊದಲ ಹೇರ್‌ಪಿನ್ನಿನಲ್ಲಿ ಎರಡನೇ ಗೇರಿನಲ್ಲೇ ತೀರ ನಿಧಾನವಾಗಿ ಒಳಹೊಕ್ಕಾಗ ಕಾರು ಮುಗ್ಗರಿಸಿತು. ಕ್ಲಚ್ ಒತ್ತಿ ಒಂದಕ್ಕೆ ಹಾಕಿ ಎತ್ತಿದಳು. ಎರಡನೆಯದರಲ್ಲೂ ಹಾಗೇ. ಮೂರನೆಯದಕ್ಕೆ ಮುಂಚೆಯೇ ಒಂದಕ್ಕೆ ಇಳಿಸಿ, ಮುಳ್ಳು 2,000ದ ಮೇಲಿರುವಂತೆ ನೋಡಿಕೊಂಡು ಹೊಕ್ಕಳು. ತಿರುವು ಬಿಚ್ಚಿಕೊಳ್ಳುವಾಗ ಎರಡು. ಕಾರು ದಾರ ಎಳೆದಂತೆ ಮೇಲೆ ಬಂತು. ಆಮೇಲೆ ಯಾವ ತಿರುವಿನಲ್ಲೂ ತಪ್ಪಲಿಲ್ಲ. ತಪ್ಪಿದ ಲೆಕ್ಕವನ್ನು ಬೋರ್ಡಿನ ಮೇಲೆ ತಾನೇ ಅಳಿಸಿ ಸರಿಮಾಡುತ್ತಿದ್ದ ಟೀಚರು ಹೇಗಿದ್ದಿರಬಹುದು ಎಂದು ಅಲ್ಲಿ ನನಗೆ ಗೊತ್ತಾಯಿತು. ಹನ್ನೊಂದನೇ ತಿರುವಿನಲ್ಲಿ ಮೇಲಿನಿಂದ ಬರುತ್ತಿದ್ದ ಮಿನಿ ಬಸ್ಸು ನಮ್ಮನ್ನು ಕಂಡು ನಿಂತಿತು. ಡ್ರೈವರು ಒಂದು ಸಲ ಲೈಟು ಹೊಡೆದ. ಅಮ್ಮ ಕಣ್ಣು ರಸ್ತೆಯಿಂದ ತೆಗೆಯದೆ ಬಲಗೈ ಬೆರಳುಗಳನ್ನು ಸ್ಟೀರಿಂಗಿನಿಂದ ಎತ್ತಿ ಇಳಿಸಿದಳು. ಡ್ರೈವರುಗಳು ಡ್ರೈವರುಗಳಿಗೆ ಮಾಡುವ ನಮಸ್ಕಾರ.

ನಿಂಬೆಹಣ್ಣು ನನ್ನ ಅಂಗೈಯಲ್ಲೇ ಇತ್ತು. ಹತ್ತುವಾಗ ಅದರ ಅಗತ್ಯ ಅಷ್ಟು ಬೀಳಲಿಲ್ಲ. ಆದರೂ ಬಿಡಲಿಲ್ಲ.

ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಜನ ಸೇರಿದ್ದರು. ಅಮ್ಮ ಒಂದು ಪಕ್ಕಕ್ಕೆ ಕಾರು ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ನನ್ನು ಒಂದರ್ಧ ನಿಮಿಷ ಹಾಗೇ ತಿರುಗಲು ಬಿಟ್ಟಳು. ಘಾಟಿ ಹತ್ತಿದ ಟರ್ಬೋ ಕಾದಿರುತ್ತದೆ, ಎಣ್ಣೆ ಸುತ್ತುತ್ತಿರಲಿ ಎಂದು. ಆಮೇಲೆ ಆಫ್ ಮಾಡಿ, ನೋಟ್‌ಬುಕ್ ತೆಗೆದು ಕಿಲೋಮೀಟರು ಬರೆದುಕೊಂಡಳು. ನಾನು ಇಳಿದು ಕಾರಿನ ಮುಂದಿನಿಂದ ಸುತ್ತಿ ಅವಳ ಬಾಗಿಲ ಹತ್ತಿರ ಹೋದೆ. ಅವಳು ಎರಡೂ ಕಾಲು ಹೊರಗಿಟ್ಟು, ಚೌಕಟ್ಟು ಹಿಡಿದು ಏಳಲು ನೋಡಿದಳು. ಎರಡು ತಾಸು ಕ್ಲಚ್ ತುಳಿದ ಮಂಡಿ ಒಮ್ಮೆಗೇ ಒಪ್ಪಲಿಲ್ಲ. ಹಿಂದಾಗಿದ್ದರೆ ನಾನು ಅಷ್ಟರಲ್ಲಿ ಅವಳ ತೋಳು ಹಿಡಿದು ಎತ್ತಿರುತ್ತಿದ್ದೆ. ಈಗ ಸುಮ್ಮನೆ ನಿಂತೆ. ಪಡುವಣದಲ್ಲಿ ಬೆಟ್ಟಗಳ ಸಾಲು ಒಂದರ ಹಿಂದೊಂದು ಮಸುಕಾಗುತ್ತಿತ್ತು. ಅವಳು ಒಂದು ಸಲ ಉಸಿರು ಬಿಟ್ಟು, ಕುಳಿತಲ್ಲಿಂದಲೇ ತಲೆಯೆತ್ತಿ ನೋಡಿ, ಬಲಗೈ ನನ್ನ ಕಡೆ ಚಾಚಿದಳು. ಹಿಡಿದೆ. ನಿಂಬೆಯ ವಾಸನೆ ಅವಳ ಅಂಗೈಗೂ ಹತ್ತಿತು.